ಒಂದು ಗೇಣಿನ ಬಿಳಿ ಪಟ್ಟಿ: ಟ್ರೇಲರ್‌ನಲ್ಲಿ ಆಕ್ಸಲ್ ತೂಕ, ಡೀಸೆಲ್ ಎರಡನ್ನೂ ಹೊಂದಿಸುವ ಬಗೆ

ನನ್ನ ಟ್ರೇಲರ್‌ನ ಎಡಬದಿಗೆ ಒಂದು ಬಿಳಿ ಪಟ್ಟಿ ಬಳಿದಿದ್ದೇನೆ. ಅಗಲ ಸರಿಯಾಗಿ ಒಂದು ಗೇಣು. ಹೊಸ ಕ್ರೇನಿನವರು ಯಾರೇ ಇರಲಿ, ಅದೇನು ಅಂತ ಕೇಳುತ್ತಾರೆ. ತುಂಬಿದ ಮಾಲಿನ ಭಾರದ ನಡುಮಧ್ಯ ಈ ಪಟ್ಟಿಯೊಳಗೆ ಬರಬೇಕು ಅಂತ ಹೇಳುತ್ತೇನೆ. ಆ ಪಟ್ಟಿಯ ಜಾಗ ಕಂಡುಕೊಳ್ಳುವ ಮೊದಲು ನಾನು ಎರಡು ಟೈರು, ಒಂದು ಕಮಾನ್ ಪಟ್ಟಿ (ಆಕ್ಸಲ್ ಮೇಲೆ ಭಾರ ಹೊರುವ, ಎಲೆ ಎಲೆ ಜೋಡಿಸಿದ ಉಕ್ಕಿನ ಸ್ಪ್ರಿಂಗ್), ಒಂದು ಇಡೀ ದಿನ ಕಳೆದುಕೊಂಡೆ. ನಿಮಗೆ ಒಂದು ಟೇಪು, ಒಂದು ತೂಗುಗುಂಡು, ಕಾಟಾದ, ಅಂದರೆ ಲಾರಿ ತೂಗುವ ವೇಬ್ರಿಡ್ಜಿನ, ಕೆಲವು ಚೀಟಿ ಇದ್ದರೆ ಸಾಕು.

ನಾನು ಹುಬ್ಬಳ್ಳಿಯವನು. ತೋರಣಗಲ್ಲು, ಹೊಸಪೇಟೆ ಕಡೆಯಿಂದ ಉಕ್ಕಿನ ಕಾಯಿಲ್ (ಹಾಳೆಯ ದೊಡ್ಡ ಸುರುಳಿ) ತುಂಬಿಕೊಂಡು ಕೊಪ್ಪಳ, ಗದಗ, ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಬರುತ್ತೇನೆ. ಅಲ್ಲಿಂದ ಬೆಳಗಾವಿ, ಕೊಲ್ಲಾಪುರ. ಗಾಡಿ 18 ಚಕ್ರದ್ದು. ಎಂಜಿನ್ ಇರುವ ಮುಂದಿನ ಗಾಡಿಗೆ ಎರಡು ಆಕ್ಸಲ್ (ಚಕ್ರದ ಅಚ್ಚು), ಹಿಂದಿನ ಟ್ರೇಲರ್‌ಗೆ ಮೂರು. ಮುಂದಿನ ಗಾಡಿಯ ಎರಡನೆಯ ಆಕ್ಸಲ್‌ಗೆ, ಎಂಜಿನ್ ತಿರುಗಿಸುವುದಕ್ಕೆ, ನಾವು ಹೌಸಿಂಗ್ ಅನ್ನುತ್ತೇವೆ. ಮುಂದೆ ಬರೆದಿರುವ ಲೆಕ್ಕವೆಲ್ಲ ಈ ಗಾಡಿಯದ್ದು. ನಿಮ್ಮ ಗಾಡಿಯ ಅಂಕಿ ಬೇರೆ ಇರುತ್ತವೆ, ಲೆಕ್ಕ ಮಾಡುವ ದಾರಿ ಮಾತ್ರ ಇದೇ.

2019ರ ಆಷಾಢ. ಬಳ್ಳಾರಿ ಕಡೆಯ ಒಂದು ಗೋದಾಮಿನಲ್ಲಿ 15 ಟನ್ನಿನ ಎರಡು ಕಾಯಿಲ್ ಏರಿಸಿದರು. ಕಾಟಾದಲ್ಲಿ ಒಟ್ಟು 44 ಟನ್ ಬಂತು. ನನ್ನ ಗಾಡಿಯ ಮಿತಿ 45.5. ಒಂದೂವರೆ ಟನ್ ಕಮ್ಮಿಯೇ ಇದೆ ಅಲ್ವಾ, ಅಂತ ನೆಮ್ಮದಿಯಿಂದ ಹೊರಟೆ. ಗದಗ ದಾಟಿ ಅಣ್ಣಿಗೇರಿ ಹತ್ತಿರ ಬರುವಾಗ ಹೌಸಿಂಗಿನ ಎಡಗಡೆ ಒಳ ಟೈರು ಸಿಡಿಯಿತು. ಗಾಡಿ ನಿಲ್ಲಿಸುವಷ್ಟರಲ್ಲಿ ಅದರ ಭಾರವೂ ಬಿದ್ದು ಹೊರ ಟೈರೂ ಹೋಯಿತು. ಕೆಳಗೆ ಬಗ್ಗಿ ನೋಡಿದರೆ ಕಮಾನ್ ಪಟ್ಟಿಯಲ್ಲಿ ಒಂದು ಎಲೆ ಅಡ್ಡಕ್ಕೆ ಸೀಳಿತ್ತು. ಸಂಜೆ ಹೊತ್ತಿಗೆ ಬಂದ ಮಿಸ್ತ್ರಿ ಸೀಳಿದ ಎಲೆಯ ಮೇಲೆ ಕೈ ಆಡಿಸಿ ಒಂದೇ ಮಾತು ಹೇಳಿದರು: "ತೂಕ ಜಾಸ್ತಿ ಆಗಿಲ್ರೀ ಯಜಮಾನ್ರ, ತೂಕ ಕುಂತ ಜಾಗಾ ತಪ್ಪೈತಿ."

ಹುಬ್ಬಳ್ಳಿಗೆ ಮೆಲ್ಲಗೆ ಬಂದು ಕಾಟಾದಲ್ಲಿ ಆಕ್ಸಲ್ ಆಕ್ಸಲ್ ಬೇರೆ ಮಾಡಿ ತೂಗಿಸಿದೆ. ಮುಂದಿನ ಚಕ್ರದ ಮೇಲೆ 6.9 ಟನ್. ಹೌಸಿಂಗ್ ಮೇಲೆ 14.3. ಟ್ರೇಲರ್‌ನ ಮೂರು ಆಕ್ಸಲ್ ಮೇಲೆ 22.8. ಹೌಸಿಂಗಿಗೆ ಇರುವ ಮಿತಿ 11.5. ಒಟ್ಟು ತೂಕ ಸರಿ ಇದ್ದೂ ಒಂದೇ ಆಕ್ಸಲ್ ಮೇಲೆ 2.8 ಟನ್ ಹೆಚ್ಚಿಗೆ ಹೊತ್ತು ನಾನು ಅಷ್ಟು ದೂರ ಬಂದಿದ್ದೆ.

ಇದು ನನಗೆ ಹೊಸ ವಿದ್ಯೆ ಆಗಬೇಕಿರಲಿಲ್ಲ. ನಮ್ಮಪ್ಪ ಚಕ್ಕಡಿ ಹೂಡುತ್ತಿದ್ದರು. ಹತ್ತಿಯ ಅಂಡಿಗೆ ಏರಿಸಿ ಆದ ಮೇಲೆ, ಎತ್ತು ಕಟ್ಟುವ ಮೊದಲು, ಮೂಕಿ ಹಿಡಿದು ಒಂದು ಸಲ ಎತ್ತಿ ನೋಡುತ್ತಿದ್ದರು. ಮುಂದೆ ಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದೆ ಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಅಂಗೈಯಲ್ಲಿ ಅಷ್ಟೇ ಅಷ್ಟು ಭಾರ ಸಿಗುವವರೆಗೆ ಮೂಟೆ ಹಿಂದೆ ಮುಂದೆ ಸರಿಸುತ್ತಿದ್ದರು. ಟ್ರೇಲರ್ ಅಂದರೆ ದೊಡ್ಡ ಚಕ್ಕಡಿಯೇ. ಟ್ರೇಲರನ್ನು ಮುಂದಿನ ಗಾಡಿಗೆ ಸಿಕ್ಕಿಸುವ ಗೂಟ, ಅಂದರೆ ಕಿಂಗ್ ಪಿನ್, ಅದೇ ನೊಗ. ಮುಂದಿನ ಗಾಡಿ ಎತ್ತು. ಆದರೆ ಅದನ್ನು ಕೈಯಲ್ಲಿ ಎತ್ತಿ ನೋಡಲು ಆಗುವುದಿಲ್ಲ, ಕಾಟಾ ಬೇಕು.

ಮೊದಲು ಮಿತಿ ಗೊತ್ತಿರಲಿ

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿ ಹೆಚ್ಚಿಸಿತು. ನನ್ನಂಥ ಗಾಡಿಯ ಮುಂದಿನ ಆಕ್ಸಲ್‌ಗೆ 7 ಟನ್. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ, ಅಂದರೆ ನನ್ನ ಹೌಸಿಂಗಿಗೆ, ಮೊದಲು 10.2 ಇದ್ದದ್ದು 11.5 ಆಯಿತು. ಜೋಡಿ ಆಕ್ಸಲ್‌ಗೆ 19 ಇದ್ದದ್ದು 21. ಟ್ರೇಲರ್‌ನ ಮೂರು ಆಕ್ಸಲ್‌ಗೆ 24 ಇದ್ದದ್ದು 27. ಹಾಗಾಗಿ 18 ಚಕ್ರಕ್ಕೆ 7, 11.5, 27 ಸೇರಿ 45.5 ಟನ್. ಜೋಡಿ ಹೌಸಿಂಗ್ ಇರುವ 22 ಚಕ್ರದ ಗಾಡಿಗೆ 55 ಟನ್. ಮಿತಿ ಮೀರಿದರೆ 2019ರ ತಿದ್ದುಪಡಿ ಪ್ರಕಾರ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಜಾಸ್ತಿ ಇರುವ ಮಾಲು ಇಳಿಸುವ ಖರ್ಚೂ ನಮ್ಮ ತಲೆಗೇ.

ದಂಡಕ್ಕಿಂತ ನನಗೆ ಜಾಸ್ತಿ ತಟ್ಟಿದ್ದು ರಸ್ತೆಯ ಲೆಕ್ಕ. 1958ರಿಂದ 60ರವರೆಗೆ ಅಮೆರಿಕದಲ್ಲಿ ಲಾರಿಗಳನ್ನು ಓಡಿಸಿ ಓಡಿಸಿ ರಸ್ತೆ ಪರೀಕ್ಷೆ ಮಾಡಿದರು. ಆಕ್ಸಲ್ ಭಾರ ಏರಿದಂತೆ ರಸ್ತೆಯ ಹಾನಿ ಹೆಚ್ಚುಕಮ್ಮಿ ಅದರ ನಾಲ್ಕನೇ ಘಾತದಂತೆ ಏರುತ್ತದೆ ಅನ್ನುವುದು ಅದರಿಂದ ತಿಳಿಯಿತು. ನನ್ನ 14.3 ಟನ್ನಿಗೆ ಹಾಕಿ ನೋಡಿ. ಮಿತಿಗಿಂತ ಕಾಲು ಭಾಗದಷ್ಟೂ ಹೆಚ್ಚಿಲ್ಲ. ಆದರೂ ಆ ಹೌಸಿಂಗ್ ರಸ್ತೆಗೆ ಮಾಡಿದ ಹಾನಿ ಸುಮಾರು 2.4 ಪಟ್ಟು. ಗದಗ ರಸ್ತೆಯ ತಗ್ಗಿನಲ್ಲಿ ಮತ್ತೆ ಓಡುವವನೂ ನಾನೇ, ನಮ್ಮ ಊರಿನವರೇ.

ಆಕ್ಸಲ್ ಬೇರೆ ಬೇರೆ ತೂಗುವುದು

ಇದಕ್ಕೆ ವಿಶೇಷ ಕಾಟಾ ಏನೂ ಬೇಡ. ಮೊದಲು ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ಹತ್ತಿಸಿ ನಿಲ್ಲಿಸಿ, ತೂಕ ಬರೆದುಕೊಳ್ಳಿ. ಆಮೇಲೆ ಹೌಸಿಂಗ್ ಕೂಡ ಹತ್ತಲಿ, ಎರಡೂ ಸೇರಿದ ತೂಕ ಬರೆದುಕೊಳ್ಳಿ. ಕೊನೆಗೆ ಇಡೀ ಗಾಡಿ. ಒಂದರಿಂದ ಒಂದು ಕಳೆದರೆ ಆಯಿತು. ಮೊದಲ ಚೀಟಿ 6.3, ಎರಡನೆಯದು 17.4, ಮೂರನೆಯದು 44.0 ಬಂದರೆ ಹೌಸಿಂಗ್ ಮೇಲೆ 11.1, ಟ್ರೇಲರ್ ಮೇಲೆ 26.6.

ಎರಡು ಎಚ್ಚರಿಕೆ. ಕಾಟಾದ ತಟ್ಟೆಯ ಮುಂದೆ ಹಿಂದೆ ನೆಲ ಅದೇ ಮಟ್ಟದಲ್ಲಿ ಇರಬೇಕು. ಗಾಡಿಯ ಅರ್ಧ ಇಳಿಜಾರಿನಲ್ಲಿ ನಿಂತರೆ ಅಂಕಿ ಸುಳ್ಳು ಹೇಳುತ್ತದೆ. ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಒತ್ತಿ ನಿಂತರೆ ಕಮಾನ್ ಪಟ್ಟಿಗಳು ಸೆಟೆದು ಭಾರ ಒಂದು ಕಡೆ ಸಿಕ್ಕಿಕೊಂಡಿರುತ್ತದೆ. ಕಾಟಾದ ಹುಡುಗರು ಮೂರು ಚೀಟಿ ಕೇಳಿದರೆ ಮುಖ ನೋಡುತ್ತಾರೆ. "ಒಂದ ಸಾಕಲ್ರೀ ಕಾಕಾ, ಯಾಕ ಸುಮ್ನ ರೊಕ್ಕಾ ಹಾಕ್ತೀರಿ?" ಕೊಟ್ಟುಬಿಡಿ. ಆ ಮೂರು ಚೀಟಿಯಷ್ಟು ಅಗ್ಗದ ವಿಮೆ ಇನ್ನೊಂದಿಲ್ಲ.

ಇದನ್ನು ಖಾಲಿ ಗಾಡಿಯಲ್ಲಿ ಒಂದು ಸಲ, ಟ್ಯಾಂಕ್ ತುಂಬಿಸಿ, ಮಾಡಲೇಬೇಕು. 350 ಲೀಟರ್ ಡೀಸೆಲ್ ಅಂದರೆ ಸುಮಾರು 290 ಕಿಲೋ, ಅದೂ ಮುಂದಿನ ಗಾಡಿಯ ಮೇಲೆಯೇ ಕೂರುತ್ತದೆ.

ಬಿಳಿ ಪಟ್ಟಿಯ ಜಾಗ

ನನ್ನ ಖಾಲಿ ಗಾಡಿ ಹೀಗೆ ತೂಗಿತು: ಮುಂದೆ 4.9, ಹೌಸಿಂಗ್ 3.9, ಟ್ರೇಲರ್ ಆಕ್ಸಲ್‌ಗಳು 5.2, ಒಟ್ಟು 14 ಟನ್. ಮಿತಿಯಿಂದ ಕಳೆದರೆ ಉಳಿದ ಜಾಗ: ಮುಂದೆ 2.1, ಹೌಸಿಂಗಿಗೆ 7.6, ಟ್ರೇಲರ್‌ಗೆ 21.8.

ಇನ್ನು ಟೇಪು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ತೂಗುಗುಂಡು ಇಳಿಬಿಟ್ಟು, ಕಿಂಗ್ ಪಿನ್ ನೇರಕ್ಕೆ ನೆಲದ ಮೇಲೆ ಸುಣ್ಣದ ಗುರುತು ಹಾಕಿ. ಟ್ರೇಲರ್‌ನ ಮೂರು ಆಕ್ಸಲ್‌ಗಳಲ್ಲಿ ನಡುವಿನದರ ನೇರಕ್ಕೆ ಇನ್ನೊಂದು. ಎರಡರ ನಡುವಿನ ದೂರ ನನ್ನ ಗಾಡಿಗೆ 8 ಮೀಟರ್. ಕಿಂಗ್ ಪಿನ್ ಹೌಸಿಂಗಿಗಿಂತ ಸುಮಾರು 60 ಸೆಂ.ಮೀ. ಮುಂದೆ ಕೂರುತ್ತದೆ, ಮುಂದಿನ ಗಾಡಿಯ ಚಕ್ರಗಳ ಅಂತರ 3.8 ಮೀಟರ್. ಹಾಗಾಗಿ ಕಿಂಗ್ ಪಿನ್ ಮೇಲೆ ಬಿದ್ದ ಭಾರದಲ್ಲಿ ಸುಮಾರು ಆರರಲ್ಲಿ ಒಂದು ಪಾಲು ಮುಂದಿನ ಚಕ್ರಕ್ಕೆ, ಐದು ಪಾಲು ಹೌಸಿಂಗಿಗೆ.

ಹೌಸಿಂಗಿನ 7.6 ತುಂಬುವುದು ಕಿಂಗ್ ಪಿನ್ ಮೇಲೆ 9.1 ಟನ್ ಬಿದ್ದಾಗ. ಅದು ಮುಂದಿನ ತುದಿ. ಹಿಂದಿನ ತುದಿ 21.8. 30 ಟನ್ ಮಾಲು ಹಾಕಿದರೆ ಹಿಂದೆ 21.8ಕ್ಕಿಂತ ಜಾಸ್ತಿ ಆಗಬಾರದು, 20.9ಕ್ಕಿಂತ (30ರಲ್ಲಿ 9.1 ಕಳೆದದ್ದು) ಕಮ್ಮಿಯೂ ಆಗಬಾರದು. ಹಿಂದಿನ ಪಾಲನ್ನು ಒಟ್ಟು ಮಾಲಿನಿಂದ ಭಾಗಿಸಿ 8ರಿಂದ ಗುಣಿಸಿ. ಕಿಂಗ್ ಪಿನ್‌ನಿಂದ 5.6 ಮೀಟರ್ ಮತ್ತು 5.8 ಮೀಟರ್ ಬರುತ್ತದೆ. ಮಾಲಿನ ನಡುಮಧ್ಯ ಈ ಎರಡರ ನಡುವೆ ಇರಬೇಕು. ಇಷ್ಟು ಉದ್ದದ ಟ್ರೇಲರ್‌ನಲ್ಲಿ ಸರಿಯಾದ ಜಾಗ ಒಂದು ಗೇಣು ಮಾತ್ರ. ಮೊದಲ ಸಲ ಲೆಕ್ಕ ಮುಗಿಸಿದಾಗ ನಾನು ಟೇಪು ಹಿಡಿದು ಆ ಗೇಣನ್ನೇ ನೋಡುತ್ತಾ ನಿಂತಿದ್ದೆ. ಅಷ್ಟು ವರ್ಷ ಕಣ್ಣಂದಾಜಿನಲ್ಲಿ ಲೋಡ್ ಮಾಡಿಸಿದ್ದೆ!

ಅದೇ 25 ಟನ್ ಆದರೆ 5.1ರಿಂದ 7 ಮೀಟರ್‌ವರೆಗೆ ಎಲ್ಲಿಟ್ಟರೂ ನಡೆಯುತ್ತದೆ. ತೂಕ ಮಿತಿಯ ಹತ್ತಿರ ಹೋದಂತೆ ಜಾಗ ಕಿರಿದಾಗುತ್ತಾ ಬರುತ್ತದೆ. ಇನ್ನೊಂದು ಸಂಗತಿಯೂ ಈ ಲೆಕ್ಕದಲ್ಲಿ ಸಿಕ್ಕಿತು. 9.1 ಮತ್ತು 21.8 ಸೇರಿದರೆ 30.9. ಅಂದರೆ ಕಾಗದದಲ್ಲಿ 45.5 ಅಂತ ಇದ್ದರೂ ನನ್ನ ಗಾಡಿ 44.9ಕ್ಕಿಂತ ಮೇಲೆ ಹೋಗುವಂತಿಲ್ಲ. ಮೇಲಿನ ಅರ್ಧ ಟನ್ ಮುಂದಿನ ಚಕ್ರದ ಪಾಲಿನದು, ಅಲ್ಲಿಗೆ ಭಾರ ಕಳಿಸಲು ದಾರಿಯೇ ಇಲ್ಲ. ಅಮೆರಿಕದಲ್ಲಿ ಎಷ್ಟೋ ಟ್ರೇಲರ್‌ಗಳ ಹಿಂದಿನ ಆಕ್ಸಲ್‌ಗಳನ್ನೇ ಪಿನ್ ತೆಗೆದು ಹಿಂದೆ ಮುಂದೆ ಜರುಗಿಸುತ್ತಾರೆ. ನಮ್ಮ ಕಡೆಯ ಟ್ರೇಲರ್‌ನಲ್ಲಿ ಆಕ್ಸಲ್ ಕದಲುವುದಿಲ್ಲ. ಮಾಲನ್ನೇ ಸರಿಸಬೇಕು.

ಎಷ್ಟು ಸರಿಸಿದರೆ ಎಷ್ಟು ಭಾರ ಹೋಗುತ್ತದೆ? ಸರಿಸಿದ ಟನ್ನನ್ನು ಸರಿಸಿದ ಮೀಟರ್‌ನಿಂದ ಗುಣಿಸಿ, 8ರಿಂದ ಭಾಗಿಸಿ. ನನ್ನ ಆ ಎರಡು ಕಾಯಿಲ್ ಕಿಂಗ್ ಪಿನ್‌ನಿಂದ 3 ಮೀಟರ್, 6.4 ಮೀಟರ್ ದೂರದಲ್ಲಿ ಇದ್ದವು. ಎರಡನ್ನೂ ಬರೀ ಒಂದು ಮೀಟರ್ ಹಿಂದೆ ಇಟ್ಟಿದ್ದರೆ 3.75 ಟನ್ ಹಿಂದೆ ಹೋಗಿ ಹೌಸಿಂಗ್ ಸುಮಾರು 11.2ಕ್ಕೆ ಇಳಿಯುತ್ತಿತ್ತು. ಆ ಒಂದು ಮೀಟರ್ ಕ್ರೇನಿಗೆ ಅರ್ಧ ನಿಮಿಷದ ಕೆಲಸ.

ಕಾಯಿಲ್‌ಗಳ ತೂಕ ಬೇರೆ ಬೇರೆ ಇದ್ದಾಗ ಪ್ರತಿಯೊಂದರ ತೂಕವನ್ನು ಅದರ ದೂರದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿ. 18 ಟನ್ನಿನದು 4.5 ಮೀಟರ್‌ಗೆ, 12 ಟನ್ನಿನದು 7.5 ಮೀಟರ್‌ಗೆ ಇಟ್ಟರೆ ನಡುಮಧ್ಯ 5.7ಕ್ಕೆ ಬರುತ್ತದೆ, ಪಟ್ಟಿಯ ಒಳಗೆ. ಫೋನಿನ ಕ್ಯಾಲ್ಕುಲೇಟರ್ ಸಾಕು.

ಸಿಮೆಂಟು, ಗೊಬ್ಬರ, ಗೋವಿನಜೋಳದ ಚೀಲದಲ್ಲಿ ಮೋಸ ಹೋಗುವುದು ಬೇರೆ ರೀತಿ. ಡಾಲಾ (ಮಾಲು ಹೇರುವ ಹಾಸು) ತುಂಬ ಸಮವಾಗಿ ಹಾಸಿದರೆ ಸರಿಯಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಡಾಲಾದ ನಡುಮಧ್ಯ ಕಿಂಗ್ ಪಿನ್‌ನಿಂದ 5.2 ಮೀಟರ್. 50 ಕಿಲೋದ 600 ಚೀಲ ಸಮನಾಗಿ ಹಾಸಿದರೂ ಹೌಸಿಂಗ್ 12.6 ದಾಟುತ್ತದೆ. ಅದಕ್ಕೆ ಹಮಾಲರಿಗೆ ಮೊದಲೇ ಹೇಳುತ್ತೇನೆ: ತೀರಾ ಮುಂದಿನ ಸಾಲುಗಳಲ್ಲಿ 30 ಚೀಲ ಕಮ್ಮಿ ಮಾಡಿ, ಅವನ್ನು ಹಿಂದಿನ ಸಾಲುಗಳ ಮೇಲೆ ಹಾಕಿ. ಒಂದೂವರೆ ಟನ್ ಸುಮಾರು 10 ಮೀಟರ್ ಹಿಂದೆ ಹೋಯಿತು ಅಂದರೆ ನಡುಮಧ್ಯ ಅರ್ಧ ಮೀಟರ್ ಸರಿಯಿತು. ಮುಂದೆ ಪೂರ್ತಿ ಖಾಲಿ ಮಾತ್ರ ಬಿಡಬೇಡಿ, ಬ್ರೇಕ್ ಹೊಡೆದಾಗ ಚೀಲ ಮುಂದಕ್ಕೆ ಜಾರುತ್ತವೆ. ಎತ್ತರ ಕಮ್ಮಿ ಮಾಡಿದರೆ ಸಾಕು.

ಹಾಗಂತ ಹೆದರಿ ಎಲ್ಲವನ್ನೂ ಹಿಂದಕ್ಕೇ ತಳ್ಳಬೇಡಿ. ಹೌಸಿಂಗ್ ಹಗುರಾದರೆ ಮಳೆಗಾಲದಲ್ಲಿ ಅರಬೈಲ್ ಘಾಟಿ ಹತ್ತುವಾಗ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಬ್ಯಾಡಗಿಯ ಒಣಮೆಣಸಿನಕಾಯಿಗೆ ಇಷ್ಟೆಲ್ಲ ಲೆಕ್ಕ ಬೇಡ. ತೂಕದ ಮಿತಿ ಮುಟ್ಟುವ ಮೊದಲೇ ಡಾಲಾ ತುಂಬಿಹೋಗುತ್ತದೆ. ಅಲ್ಲಿ ನೋಡಬೇಕಾದ್ದು ಎತ್ತರ ಮತ್ತು ತಾಡಪತ್ರಿ. ಹಗ್ಗ ಸಡಿಲಾಗಿ ತಾಡಪತ್ರಿ ಪಟಪಟ ಬಡಿಯುತ್ತಿದ್ದರೆ ಆ ಸದ್ದಿನಲ್ಲಿ ನಿಮ್ಮ ಡೀಸೆಲ್ ಹೋಗುತ್ತಿದೆ ಅಂತಲೇ ತಿಳಿಯಿರಿ.

ಈಗ ಡೀಸೆಲ್

ನಿಜ ಹೇಳುತ್ತೇನೆ. ಹೌಸಿಂಗ್ ಮೇಲಿನ 3 ಟನ್ ಹಿಂದೆ ಸರಿದ ಮಾತ್ರಕ್ಕೆ ಆವರೇಜ್, ಅಂದರೆ ಲೀಟರ್‌ಗೆ ಬರುವ ಕಿ.ಮೀ., ಜಿಗಿಯುವುದಿಲ್ಲ. 44 ಟನ್ ಎಲ್ಲಿ ಕೂತರೂ 44 ಟನ್ನೇ, ಎಂಜಿನ್ ಅಷ್ಟನ್ನೂ ಎಳೆಯಲೇಬೇಕು. ಲಾಭ ಬರುವುದು ಬೇರೆ ಬಾಗಿಲಿನಿಂದ. ಅಣ್ಣಿಗೇರಿ ಹತ್ತಿರ ಟೈರು ಹೋದ ಮೇಲೆ ನಾನು ಕೆಲವು ತಿಂಗಳು ಹೆದರಿ 25 ಟನ್ ಮಾತ್ರ ಹಾಕುತ್ತಿದ್ದೆ. ಲೀಟರ್‌ಗೆ 3.5 ಕಿ.ಮೀ. ಬರುತ್ತಿತ್ತು, ಖುಷಿಯಾಗುತ್ತಿತ್ತು. ಪಟ್ಟಿ ಬಳಿದ ಮೇಲೆ 30 ಟನ್ ಹಾಕತೊಡಗಿದೆ, 3.2ಕ್ಕೆ ಇಳಿಯಿತು. ಯಾವುದು ಒಳ್ಳೆಯದು? 200 ಕಿ.ಮೀ. ಓಟಕ್ಕೆ ಲೆಕ್ಕ ಹಾಕಿ. 25 ಟನ್ನಿಗೆ 57 ಲೀಟರ್, ಅಂದರೆ ಟನ್ನಿಗೆ 2.3 ಲೀಟರ್. 30 ಟನ್ನಿಗೆ 62.5 ಲೀಟರ್, ಟನ್ನಿಗೆ 2.1 ಲೀಟರ್. ಬಾಡಿಗೆ ಟನ್ ಲೆಕ್ಕದಲ್ಲಿ ಬರುವಾಗ ಡೀಸೆಲ್ಲನ್ನೂ ಟನ್ ಲೆಕ್ಕದಲ್ಲೇ ನೋಡಬೇಕು. ಬರೀ ಕಿ.ಮೀ. ನೋಡಿದರೆ ಖಾಲಿ ಗಾಡಿಯೇ ಎಲ್ಲಕ್ಕಿಂತ ಲಾಭ ಅನ್ನಿಸಿಬಿಡುತ್ತದೆ.

ಇದೇ ಲೆಕ್ಕ ಹಿಡಿದು 36 ಟನ್ ಹಾಕಿದರೆ ಟನ್ನಿನ ಡೀಸೆಲ್ ಇನ್ನೂ ಇಳಿಯುತ್ತದಲ್ಲ ಅಂತ ನನ್ನ ಅಳಿಯ ವಾದ ಮಾಡಿದ. ಇಳಿಯುತ್ತದೆ, ಸುಳ್ಳಲ್ಲ. ಆದರೆ ಉಳಿಸಿದ ಆ ಡೀಸೆಲ್ಲಿನ ರೊಕ್ಕ ಟೈರು, ಬ್ರೇಕ್ ಲೈನರ್, ಕಮಾನ್ ಪಟ್ಟಿಗೆ ಹೋಗುತ್ತದೆ. ಒಂದು ಸಲ ದಂಡ ಬಿದ್ದರೆ ಎಷ್ಟೋ ಟ್ರಿಪ್ಪಿನ ಉಳಿತಾಯ ಒಟ್ಟಿಗೇ ಹೋಗುತ್ತದೆ. ಘಾಟಿ ಇಳಿಯುವಾಗ ಆ 6 ಟನ್ ಹಿಂದಿನಿಂದ ತಳ್ಳುವುದನ್ನು ಒಮ್ಮೆ ಅನುಭವಿಸಿದವರು ಈ ವಾದ ಮಾಡುವುದಿಲ್ಲ.

ಆವರೇಜ್ ಅಳೆಯುವುದು ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ, ಆದಷ್ಟು ಒಂದೇ ಬಂಕಿನಲ್ಲಿ. ಒಂದು ಟ್ರಿಪ್ ನಂಬಬೇಡಿ, ನಾಲ್ಕೈದು ಟ್ರಿಪ್ ಬರೆದಿಡಿ. ಪಕ್ಕದಲ್ಲಿ ಟನ್ ಬರೆಯಿರಿ, ಗಾಳಿ ಮಳೆ ಇತ್ತೇ ಅಂತಲೂ ಬರೆಯಿರಿ.

ಗಾಳಿ ಯಾಕೆ ಅಂದರೆ, ಗದಗಿನವರಿಗೆ ಹೇಳಬೇಕಿಲ್ಲ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ನಾನು ಭಾರ ಹೊತ್ತು ಕೊಪ್ಪಳದಿಂದ ಪಶ್ಚಿಮಕ್ಕೇ ಬರುತ್ತೇನೆ. ಎದುರುಗಾಳಿ ಅಂದರೆ ಆ ಗಾಳಿಯ ವೇಗವನ್ನೂ ನಿಮ್ಮ ವೇಗಕ್ಕೆ ಸೇರಿಸಿದ ಹಾಗೆ. ಗಾಳಿಯ ಎದುರೊತ್ತು ವೇಗದ ವರ್ಗದಂತೆ ಏರುತ್ತದೆ. 60ರಲ್ಲಿ ಇದ್ದದ್ದು 80ರಲ್ಲಿ 1.8 ಪಟ್ಟು ಆಗುತ್ತದೆ. ಆ ತಿಂಗಳಲ್ಲಿ ನಾನು ನಸುಕಿನಲ್ಲಿ ಹೊರಡುತ್ತೇನೆ, ನೆಲಮಟ್ಟದ ಗಾಳಿ ಆಗ ಕಮ್ಮಿ ಇರುತ್ತದೆ. 55ರಲ್ಲಿ ಹೋಗುತ್ತೇನೆ.

ಟೈರಿನ ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿದ್ದಾಗ ಮೀಟರ್ ಹಿಡಿದು ನೋಡಿ. ಸುತ್ತಿಗೆಯಿಂದ ಬಡಿದು ಸದ್ದು ಕೇಳಿದರೆ 20 ಪಿಎಸ್ಐ ಕಮ್ಮಿ ಇರುವುದು ಗೊತ್ತಾಗುವುದಿಲ್ಲ. ಜೋಡಿ ಟೈರಿನಲ್ಲಿ ಒಳಗಿನದನ್ನು ಯಾರೂ ನೋಡುವುದಿಲ್ಲ, ನನ್ನದು ಸಿಡಿದದ್ದೂ ಒಳಗಿನದೇ. ಎರಡರ ಗಾಳಿ ಒಂದೇ ಇರಲಿ. ಇಲ್ಲದಿದ್ದರೆ ಹೆಚ್ಚು ಗಾಳಿಯದು ಎರಡರ ಭಾರ ಹೊರುತ್ತದೆ, ಕಮ್ಮಿ ಗಾಳಿಯದು ಮಡಚಿ ಮಡಚಿ ಬಿಸಿಯಾಗುತ್ತದೆ. ಆ ಬಿಸಿಯೂ ಡೀಸೆಲ್ಲಿನಿಂದಲೇ ಬಂದದ್ದು.

ಟ್ರೇಲರ್ ಆಕ್ಸಲ್ ಸೊಟ್ಟ ಇದ್ದರೆ ಗಾಡಿ ಏಡಿಯ ಹಾಗೆ ಅಡ್ಡ ಎಳೆಯುತ್ತದೆ. ಕಿಂಗ್ ಪಿನ್ ನಡುವಿನಿಂದ ಟ್ರೇಲರ್‌ನ ಮೊದಲ ಆಕ್ಸಲ್‌ನ ಎಡ ತುದಿ, ಬಲ ತುದಿ ಎರಡಕ್ಕೂ ಉಕ್ಕಿನ ಟೇಪು ಹಿಡಿದು ಅಳೆಯಿರಿ. ವ್ಯತ್ಯಾಸ 3 ಮಿ.ಮೀ. ಒಳಗಿರಬೇಕು. ಉಳಿದ ಎರಡು ಆಕ್ಸಲ್‌ಗಳನ್ನು ಮೊದಲನೆಯದರಿಂದ ಅಳೆದರೆ ಸಾಕು. ಇಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿದಾಗ ಪ್ರತಿ ಚಕ್ರದ ಹಬ್ಬಿನ (ನಡುಗುಂಬದ) ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ.

ಕೊನೆಗೆ ನ್ಯೂಟ್ರಲ್. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಅಂತ ಹಿರಿಯ ಡ್ರೈವರ್‌ಗಳಿಂದ ಕಲಿತವರು ನಾವೆಲ್ಲ. ದಯವಿಟ್ಟು ಬಿಟ್ಟುಬಿಡಿ. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿ ಇಳಿಯುತ್ತಾ ಎಕ್ಸಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಪೂರ್ತಿ ನಿಂತುಹೋಗುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇಟ್ಟುಕೊಳ್ಳಲು ಡೀಸೆಲ್ ಸುಡಲೇಬೇಕು. ಜಾಸ್ತಿ ಡೀಸೆಲ್ ಸುಟ್ಟು, ಎಂಜಿನ್ ಬ್ರೇಕೂ ಕಳೆದುಕೊಂಡು, 44 ಟನ್ನನ್ನು ಬರೀ ಲೈನರ್ ಮೇಲೆ ಹಿಡಿದಂತಾಯಿತು. ಯಲ್ಲಾಪುರ ದಾಟಿ ಇಳಿಯುವ ಆ ತಿರುವುಗಳಲ್ಲಿ ಲೈನರ್ ಕಾದ ವಾಸನೆ ಬಂದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ.

ಪಟ್ಟಿಗೆ ಬಳಿಯುವಾಗ ಆಯಿಲ್ ಪೇಂಟೇ ಬಳಸಿ. ಎರಡೂ ಬದಿಗೆ ಬಳಿಯಿರಿ, ಕ್ರೇನ್ ಯಾವ ಕಡೆ ನಿಲ್ಲುತ್ತದೆ ಅಂತ ಹೇಳಲು ಬರುವುದಿಲ್ಲ. ಪಕ್ಕದಲ್ಲಿ "30 ಟನ್" ಅಂತ ದೊಡ್ಡದಾಗಿ ಬರೆಯಿರಿ. ಸರಪಳಿ ಉಜ್ಜಿ ಉಜ್ಜಿ ಬಣ್ಣ ಹೋಗುತ್ತದೆ. ನಾನು ವರ್ಷಕ್ಕೊಮ್ಮೆ, ಖಂಡೇ ಪೂಜೆಗೆ ಗಾಡಿ ತೊಳೆದಾಗ, ಟೇಪು ಹಿಡಿದು ಮತ್ತೆ ಅಳೆದು ಬಳಿಯುತ್ತೇನೆ. ಹೋದ ವರ್ಷ ಟೇಪಿನ ಆ ತುದಿ ಹಿಡಿದವನು ಅಳಿಯ. ಬಳಿದು ಮುಗಿಸಿದ ಮೇಲೆ ತನ್ನ ಗಾಡಿಯ ಕೀಲಿ ತೆಗೆದುಕೊಂಡು, "ಮಾಮಾ, ಆ ಡಬ್ಬಿಯೊಳಗ ಇನ್ನಷ್ಟು ಬಣ್ಣ ಐತೇನ್ರೀ?" ಅಂದ.